ಬೆನ್ನ ಹಿಂದಿನ ಕೋಲು

ಟ್ರೇಲರಿನಿಂದ ತೋಪು ಇಳಿಸುವಾಗ
ಕ್ರೇನಿನ ಸರಪಳಿ ಒಮ್ಮೆ ಕಿರುಗುಟ್ಟಿತು.
ವಿರಾಜಪೇಟೆಯ ಮೈದಾನದ ಮೂಲೆ, ಹಸಿ ಸಿಮೆಂಟಿನ ಕಟ್ಟೆ,
ಸಮಿತಿಯವರ ಚೀಟಿ ನನ್ನ ಜೇಬಿನಲ್ಲಿ:
'ಮೊಯ್ದು, ಬಾಯಿ ಹಿಂದೂ ಮುಂದೂ ಮುಚ್ಚಿಬಿಡು.
ಹಿಡಿಕೆ, ಚಕ್ರ, ಅಲ್ಲಾಡುವುದಕ್ಕೆಲ್ಲ ವೆಲ್ಡಿಂಗ್.'

ನಾನು ಗೇಟು ಮಾಡುವವನು.
ಪಲ್ಪರಿನ ಮುರಿದ ಹಲ್ಲು, ನೀರಿನ ಟ್ಯಾಂಕಿಗೆ ನಾಲ್ಕು ಕಾಲು.
ಇಷ್ಟುದ್ದದ ಕೊಳವೆಗೆ ಎಂದೂ ರಾಡ್ ಹಿಡಿದವನಲ್ಲ.

'ಸ್ವಲ್ಪ ತಡಿ' ಎಂದರು ಬೆಳ್ಯಪ್ಪ.
ಕೂವಲೆರ ಬೆಳ್ಯಪ್ಪ, ಹವಾಲ್ದಾರ್,
ನಳಿಗೆಯ ಎಡಕ್ಕೆ ಕೂತು ಗುರಿ ಕಟ್ಟುತ್ತಿದ್ದ ಲೇಯರ್.
ಬಲಗಿವಿ ಪೂರ್ತಿ ಹೋಗಿದೆ;
ಆ ಬದಿಗೆ ನಿಂತವರ ಮಾತಿಗೆಲ್ಲ ಬರಿದೆ ನಗುತ್ತಾರೆ.

'ದಾರಿ ನಡೆಯುವಾಗ ಇದು ಮುದುಡಿಕೊಳ್ಳುತ್ತೆ.
ನಳಿಗೆಯನ್ನು ಹಿಂದಕ್ಕೆಳೆದು ಕಾಲುಗಳ ಮೇಲೆ ಮಲಗಿಸಿ
ಬಾಲಕ್ಕೆರಡು ಗಾಲಿ ಸಿಕ್ಕಿಸಿ ಲಾರಿಗೆ ಕಟ್ಟಿದರೆ
ಎಂಟು ಟನ್ನು, ಕರುವಿನ ಹಾಗೆ ಹಿಂದೆ ಬರುತ್ತೆ.
ನಿಂತಲ್ಲಿ ಕಾಲಗಲಿಸಬೇಕು,
ತುದಿಯ ಹಾರೆ ನೆಲ ಕಚ್ಚಬೇಕು.
ಮೊದಲ ಗುಂಡು ಹಾರೆ ಕೂರಿಸುವ ಗುಂಡು, ಮೊಯ್ದು.
ಅದರ ಅರ್ಧ ಪೆಟ್ಟು ನಮ್ಮ ನೆಲಕ್ಕೇ.'

ಗ್ರೀಸು ತರಿಸಿ ತಾವೇ ಸವರಿದರು.
'ಹೊಡೆದದ್ದೇ ನಳಿಗೆ ಒಂದು ಗಜ ಹಿಂದಕ್ಕೆ ಜಿಗಿಯುತ್ತೆ.
ತಡೆಯದಿದ್ದರೆ ತೋಪೇ ಮಗುಚೀತು.
ಈ ಸಿಲಿಂಡರಿನೊಳಗೆ ಎಣ್ಣೆ, ಒಂದು ಸಣ್ಣ ತೂತು;
ಎಣ್ಣೆ ಅದರಲ್ಲಿ ನುಸುಳುವಷ್ಟರಲ್ಲಿ ಸಿಟ್ಟು ಇಳಿಯುತ್ತೆ.
ಇನ್ನೊಂದರೊಳಗೆ ಅದುಮಿಸಿಕೊಂಡ ಗಾಳಿ,
ಅದು ನಳಿಗೆಯನ್ನು ಮುಂದಕ್ಕೆ ನೂಕಿ
ಇದ್ದಲ್ಲೇ ತಂದಿಡುತ್ತೆ.'
'ಜೀಪಿನ ಶಾಕ್ ಅಬ್ಸಾರ್ಬರ್' ಎಂದೆ.
'ಅದರ ಅಜ್ಜ' ಎಂದರು.

ಮೂವತ್ತಮೂರು ಕಿಲೋ ಗುಂಡನ್ನು ತೊಟ್ಟಿಲಲ್ಲಿ ತರುವ ಇಬ್ಬರು,
ಠಣ್ ಎನ್ನುವ ತನಕ ದೂಡುಗೋಲಲ್ಲಿ ನೂಕುವ ಒಬ್ಬ,
ಆಮೇಲೆ ಮದ್ದಿನ ಹಿತ್ತಾಳೆ ಚಿಪ್ಪು,
ಅಡ್ಡಡ್ಡ ಜಾರಿ ಮುಚ್ಚುವ ಬಾಗಿಲು:
ಇಲ್ಲದ ಏಳು ಮಂದಿಯನ್ನು ಕೈಸನ್ನೆಯಲ್ಲೇ
ಅವರವರ ಜಾಗದಲ್ಲಿ ನಿಲ್ಲಿಸಿದರು.
'ಇಲ್ಲಿಂದ ಹೊಡೆದರೆ ಮಡಿಕೇರಿ ದಾಟುತ್ತೆ.'
ಮಡಿಕೇರಿಯಲ್ಲಿ ನನ್ನ ತಂಗಿಯ ಮನೆ. ಬೆಟ್ಟದತ್ತ ನೋಡಿದೆ.

'ಗುರಿ ಕಾಣುತ್ತಿತ್ತಾ?' ಎಡಗಿವಿಗೆ ಬಾಗಿ ಕೇಳಿದೆ.

'ಯಾವತ್ತೂ ಇಲ್ಲ. ಲೇಯರ್ ನೋಡುವುದು ಹಿಂದಕ್ಕೆ.
ಬೆನ್ನ ಹಿಂದೆ ಐವತ್ತು ಹೆಜ್ಜೆಗೊಂದು, ನೂರಕ್ಕೊಂದು,
ಕೆಂಪು ಬಿಳಿ ಪಟ್ಟೆಯ ಎರಡು ಕೋಲು.
ರಾತ್ರಿಯಾದರೆ ಕೋಲಿಗೊಂದು ಪುಟ್ಟ ದೀಪ.
ಸೈಟಿನಲ್ಲಿ ಒಂದು ಇನ್ನೊಂದರ ಮರೆಗೆ ಹೋಗಬೇಕು,
ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲಬೇಕು.
ಆಗ ರೆಡಿ ಅಂತ ಕೂಗುವುದು.
ಆರು ರಾತ್ರಿ ಹೊಡೆದೆವು.
ಫೋನಿನಲ್ಲಿ ಬರೀ ಅಂಕಿ: ಎಡಕ್ಕೆ ಇಷ್ಟು, ಇನ್ನೂರು ಹೆಚ್ಚು.
ಏಳನೆಯ ರಾತ್ರಿ ಅಂಕಿ ಬರಲಿಲ್ಲ.
ಅಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ.'

ಕೈಲ್‌ಪೊಳ್ದಿಗೆ ಇದರ ಬಾಯಿಗೂ ತೋಕ್ ಪೂ ಇಡೋಣವೆಂದು
ಕಾರ್ಯದರ್ಶಿ ಉತ್ತಯ್ಯ ಹೇಳಿದಾಗ
'ಕೋವಿಗೆ ಇಡಿ' ಎಂದರಂತೆ.
'ಕೋವಿ ಹಿಡಿದವನಿಗೆ ಎದುರಿನ ಹಂದಿ ಕಾಣುತ್ತೆ.'

ಮೂರು ಗಂಟೆಗೆ ಬಾಗಿಲನ್ನು ಕೊನೆಯ ಸಲ ಜಾರಿಸಿದರು.
ಗ್ರೀಸಿನ ಮೆತ್ತನೆ ಸದ್ದು, ಅಷ್ಟೇ.
ಗ್ರೀಸು ಒರೆಸಿ, ಮುಖಕ್ಕೆ ಕಪ್ಪುಗಾಜು ಇಳಿಸಿ ರಾಡ್ ಮುಟ್ಟಿಸಿದೆ.
ಕಿಡಿ ಕಣ್ಣಿಗೆ ಬೀಳದಂತೆ ಅವರು
ಬೆನ್ನು ತಿರುಗಿಸಿ ನಿಂತಿದ್ದರು.

ಮರುವಾರ ತಮ್ಮ ದುಡ್ಡಲ್ಲೇ ಎರಡು ಪೈಪು ಕೊಯ್ಯಿಸಿದರು.
ಕೆಂಪು ಬಿಳಿ ನಾನೇ ಬಳಿದೆ.
ಕಟ್ಟೆಯ ಹಿಂದಿನ ಇಳಿಜಾರಿನಲ್ಲಿ, ಹೆಜ್ಜೆ ಎಣಿಸಿ, ನೆಟ್ಟೆವು.
ಸಮಿತಿಯವರು ಬಾವುಟದ ಕಂಬವೆಂದುಕೊಂಡರು.
ಹಾಕಿ ಆಡುವ ಹುಡುಗರು ಶರ್ಟು ಸಿಕ್ಕಿಸುತ್ತಾರೆ.

ನಿನ್ನೆ ಯಾರೂ ಇಲ್ಲದಾಗ ಎಡಗಡೆ ಕೂತು
ಸೈಟು ಕಳಚಿದ ಖಾಲಿ ಬುಡದ ಮೇಲಿಂದ
ಕತ್ತು ತಿರುಗಿಸಿ ಹಿಂದೆ ನೋಡಿದೆ.
ಒಂದೇ ಕೋಲು ಕಂಡಿತು,
ಅದರ ಮೇಲೆ ಯಾರದೋ ನೀಲಿ ಶರ್ಟು.